ಕ್ಷಮಿಸುವ ಹಕ್ಕು ಯಾರದು?

ನಮ್ಮ ಕೇರಿಯಲ್ಲಿ ಒಂದು ಪ್ರಾರ್ಥನೆ ಮನೆ ಇದೆ. ತಗಡಿನ ಸೂರು, ಮಣ್ಣಿನ ಗೋಡೆ, ಒಂದು ಮರದ ಶಿಲುಬೆ. ಭಾನುವಾರ ಅಲ್ಲಿ ಕೂರುವವರೆಲ್ಲ ಉಳಿದ ಆರು ದಿನ ಊರಿನವರ ಹೊಲದಲ್ಲಿ ಬೆನ್ನು ಬಗ್ಗಿಸುವವರೇ. ಅಲ್ಲಿಗೆ ಹೋಗುವ ಒಬ್ಬ ತಾಯಿಯ ಮಗ ಊರ ನಲ್ಲಿಯಲ್ಲಿ ನೀರು ಹಿಡಿದ. ಅಷ್ಟಕ್ಕೇ ನಾಲ್ಕು ಜನ ಸೇರಿ ಅವನನ್ನು ಹೊಡೆದರು. ಅವನ ಎಡಗಿವಿ ಇವತ್ತಿಗೂ ನೆಟ್ಟಗೆ ಕೇಳುವುದಿಲ್ಲ.

ನಾವು ಕೆಲವರು ಹುಡುಗರು ಆ ತಾಯಿಯನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದೆವು. ಕೇಸು ದಾಖಲಾಯಿತು. ಮಾರನೇ ದಿನದಿಂದಲೇ ರಾಜಿಯ ಮಾತು ಶುರುವಾಯಿತು. ಮೊದಲು ಬಂದವರು ಊರ ಯಜಮಾನರು. ಅವರು ಯಾವತ್ತೂ ನಮ್ಮ ಪ್ರಾರ್ಥನೆ ಮನೆಯ ಹೊಸಿಲು ತುಳಿದವರಲ್ಲ. ಆದರೆ ಅವತ್ತು ಅವರ ಬಾಯಲ್ಲಿ ಯೇಸುವಿನ ಹೆಸರು ಬಂತು. "ನಿಮ್ಮ ಯೇಸುಸ್ವಾಮಿ ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರ್ಸು ಅಂದವ್ನೆ ಅಲ್ವೇನಮ್ಮ? ಕ್ಷಮಿಸಿಬುಡು" ಅಂದರು. ಆಮೇಲೆ ಪಟ್ಟಣದಿಂದ ಸಭಾಪಾಲಕರು ಬಂದರು. ಒಳ್ಳೆಯ ಮನುಷ್ಯ, ಕೇರಿಯ ಮಕ್ಕಳಿಗೆ ಅಕ್ಷರ ಕಲಿಸಿದವರು. ಅವರೂ ಹೆಚ್ಚುಕಡಿಮೆ ಅದನ್ನೇ ಅಂದರು. ಜೊತೆಗೆ ಇನ್ನೊಂದು ಮಾತು ಸೇರಿಸಿದರು: "ದೇವರು ಕೆಟ್ಟದ್ದರಿಂದಲೂ ಒಳ್ಳೇದನ್ನ ತರ್ತಾನೆ ಕಣಮ್ಮ. ಯೋಸೇಫನ ಕತೆ ನೆನಪು ಮಾಡ್ಕೊ."

ಆ ತಾಯಿ ಕೇಳಿದ್ದು ಒಂದೇ ಪ್ರಶ್ನೆ: "ಅಯ್ನೋರೆ, ಹೊಡ್ದೋರು ಯಾರೂ ಬಂದು ನನ್ನ ಕೇಳ್ಲಿಲ್ವಲ್ಲ. ಕೇಳ್ದೆ ಇರೋರ್ಗೆ ನಾನು ಏನಂತ ಕೊಡ್ಲಿ?"

ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ನಮ್ಮಲ್ಲಿ ಕೆಲವರು ದೇವರನ್ನು ನಂಬುವವರು, ಕೆಲವರು ನಂಬದವರು, ಕೆಲವರು ಬಾಬಾಸಾಹೇಬರ ದಾರಿಯಲ್ಲಿ ಬುದ್ಧನ ಕಡೆ ಹೊರಟವರು. ಆದರೂ ಎಲ್ಲರೂ ಕೂತು ಯೋಚಿಸಬೇಕಾಯಿತು. ಯಾಕೆಂದರೆ ಕ್ಷಮೆ ಅನ್ನುವುದು ದೊಡ್ಡ ಮಾತು. ಅದನ್ನು ಸುಮ್ಮನೆ ಎತ್ತಿ ಬಿಸಾಕಲು ಆಗುವುದಿಲ್ಲ. ಹಾಗಂತ ಅದನ್ನು ಯಜಮಾನರ ಕೈಗೆ ಕೊಟ್ಟು ಸುಮ್ಮನಿರಲೂ ಆಗುವುದಿಲ್ಲ.

ಮೊದಲು ಯೋಸೇಫನ ಕತೆಯನ್ನೇ ನೋಡೋಣ. ಬೈಬಲ್ಲಿನ ಆದಿಕಾಂಡದ ಕೊನೆಯಲ್ಲಿ ಬರುವ ಕತೆ ಇದು. ಅಣ್ಣಂದಿರು ಹೊಟ್ಟೆಕಿಚ್ಚಿನಿಂದ ತಮ್ಮನನ್ನು ಗುಂಡಿಗೆ ದೂಡುತ್ತಾರೆ. ಅವನು 20 ಬೆಳ್ಳಿ ನಾಣ್ಯಕ್ಕೆ ಐಗುಪ್ತದ ಕಡೆ ಹೊರಟ ವ್ಯಾಪಾರಿಗಳ ಪಾಲಾಗುತ್ತಾನೆ. ಗುಲಾಮನಾಗುತ್ತಾನೆ, ಮಾಡದ ತಪ್ಪಿಗೆ ಸೆರೆಮನೆ ಸೇರುತ್ತಾನೆ. ಕಡೆಗೆ ಫರೋಹನ ಕನಸಿಗೆ ಅರ್ಥ ಹೇಳಿ ಇಡೀ ದೇಶದ ಕಣಜಕ್ಕೆ ಒಡೆಯನಾಗುತ್ತಾನೆ. 7 ವರ್ಷದ ಬರಗಾಲ ಬಿದ್ದಾಗ ಅದೇ ಅಣ್ಣಂದಿರು ಕಾಳು ಕೇಳಿಕೊಂಡು ಬಂದು ಅವನ ಮುಂದೆ ಅಡ್ಡ ಬೀಳುತ್ತಾರೆ. ನೀವು ನನಗೆ ಕೇಡು ಬಗೆದಿರಿ, ದೇವರು ಅದನ್ನೇ ಒಳ್ಳೆಯದಕ್ಕೆ ತಿರುಗಿಸಿದ ಅನ್ನುವ ಅರ್ಥದ ಮಾತನ್ನು ಯೋಸೇಫ ಆಡುತ್ತಾನೆ. ಎರಡು ಸಾವಿರ ವರ್ಷದಿಂದ ಪ್ರವಚನದ ಪೀಠಗಳಿಂದ ಈ ಮಾತು ಕೇಳಿಬರುತ್ತಿದೆ.

ಆದರೆ ಗೆಳೆಯರೇ, ಈ ಮಾತನ್ನು ಹೇಳಿದವರು ಯಾರು ಅಂತ ಯಾರಾದರೂ ಕೇಳಿದ್ದಾರೆಯೇ? ಹೇಳಿದವನು ಮಾರಿದವನಲ್ಲ, ಮಾರಾಟವಾದವನು. ಅಣ್ಣಂದಿರು ಬಂದು "ತಮ್ಮಾ, ನಾವು ನಿನ್ನ ಮಾರಿದ್ದರಿಂದ ತಾನೇ ನೀನು ಇಷ್ಟು ದೊಡ್ಡೋನಾದೆ" ಅಂದಿದ್ದರೆ ಅದೇ ಮಾತು ಹೊಲಸಾಗುತ್ತಿತ್ತು. ಮಾತು ಒಂದೇ, ಬಾಯಿ ಬೇರೆ. ಬಾಯಿ ಬೇರೆಯಾದರೆ ಸತ್ಯವೂ ಸುಳ್ಳಾಗುತ್ತದೆ.

ಯಾವಾಗ ಹೇಳಿದ? ಗುಂಡಿಯಲ್ಲಿ ಬಿದ್ದು ಕೂಗುತ್ತಿದ್ದಾಗ ಅಲ್ಲ, ಸೆರೆಮನೆಯಲ್ಲಿ ಕೊಳೆಯುತ್ತಿದ್ದಾಗಲೂ ಅಲ್ಲ. ಕಣಜದ ಬೀಗದ ಕೈ ತನ್ನ ಸೊಂಟದಲ್ಲಿದ್ದಾಗ ಹೇಳಿದ. ಬೇಡ ಅನ್ನುವ ಶಕ್ತಿ ಇದ್ದವನು 'ಆಗಲಿ' ಅಂದರೆ ಅದು ಕ್ಷಮೆ. ಬೇಡ ಅನ್ನಲು ಆಗದವನ ಬಾಯಿಂದ 'ಆಗಲಿ' ಅನ್ನಿಸಿದರೆ ಅದು ದೈನ್ಯ. ನಮ್ಮ ಅಜ್ಜಂದಿರು ಯಜಮಾನರ ಜಗಲಿ ಕೆಳಗೆ ಕೈಕಟ್ಟಿ ನಿಂತು "ಹೋಗ್ಲಿ ಬುಡಿ ಬುದ್ಧಿ" ಅಂದರಲ್ಲ, ಅದನ್ನು ಕ್ಷಮೆ ಅಂತ ಕರೆದರೆ ಕ್ಷಮೆಗೂ ಅವಮಾನ, ಅಜ್ಜಂದಿರಿಗೂ ಅವಮಾನ.

ಇನ್ನೊಂದು ವಿಷಯವನ್ನು ಪ್ರವಚನಕಾರರು ಹಾರಿಸಿಬಿಡುತ್ತಾರೆ. ಯೋಸೇಫ ಅಣ್ಣಂದಿರನ್ನು ಕಂಡ ತಕ್ಷಣ ತಬ್ಬಿಕೊಳ್ಳಲಿಲ್ಲ. ಪರೀಕ್ಷೆ ಮಾಡಿದ. ಕಿರಿಯ ತಮ್ಮ ಬೆನ್ಯಾಮೀನನನ್ನು ತನ್ನಲ್ಲಿ ಗುಲಾಮನಾಗಿ ಇಟ್ಟುಕೊಳ್ಳುತ್ತೇನೆ ಅಂದ. ಆಗ ಯೆಹೂದ ಮುಂದೆ ಬಂದು ಅವನ ಬದಲು ನಾನು ಗುಲಾಮನಾಗಿರುತ್ತೇನೆ ಅಂದ. ಯೋಸೇಫನನ್ನು ಮಾರೋಣ ಅಂತ ಹಿಂದೆ ಸಲಹೆ ಕೊಟ್ಟವನು ಇದೇ ಯೆಹೂದ. ಒಬ್ಬ ತಮ್ಮನನ್ನು ಮಾರಿದವನು ಇನ್ನೊಬ್ಬ ತಮ್ಮನಿಗಾಗಿ ತನ್ನನ್ನೇ ಒತ್ತೆ ಇಡಲು ಸಿದ್ಧನಾದ. ಆಮೇಲೆ ಯೋಸೇಫನ ಅಳು ಕಟ್ಟೆಯೊಡೆಯಿತು. ಮಾರಿದವನು ಬದಲಾದ, ಕ್ಷಮೆ ಬಂತು. ನಮ್ಮ ಊರಲ್ಲಿ ಯಾವ ಯೆಹೂದ ಬದಲಾಗಿದ್ದಾನೆ?

ಕತೆ ಅಲ್ಲಿಗೂ ಮುಗಿಯುವುದಿಲ್ಲ. ಅದೇ ಆದಿಕಾಂಡದ 47ನೆಯ ಅಧ್ಯಾಯ ಓದಿ. ಬರಗಾಲದಲ್ಲಿ ಕಾಳಿಗಾಗಿ ಬಂದ ಐಗುಪ್ತದ ಬಡವರಿಂದ ಯೋಸೇಫ ಮೊದಲು ಹಣ ತೆಗೆದುಕೊಳ್ಳುತ್ತಾನೆ. ಹಣ ಮುಗಿದ ಮೇಲೆ ದನಕರು, ಆಮೇಲೆ ಜಮೀನು, ಕಡೆಗೆ ಅವರನ್ನೇ ಫರೋಹನ ಆಳುಗಳನ್ನಾಗಿ ಮಾಡಿಕೊಳ್ಳುತ್ತಾನೆ. ಪುರೋಹಿತರ ಜಮೀನಿಗೆ ಮಾತ್ರ ವಿನಾಯಿತಿ. ನಮಗೆ ಇದು ಹೊಸ ಕತೆಯೇ? ಬರದ ವರ್ಷ ಒಂದು ಪಲ್ಲ ರಾಗಿಗೆ ಹೊಲ ಬರೆದುಕೊಟ್ಟವರ ಮೊಮ್ಮಕ್ಕಳು ನಾವು. ದೇವರು ತಂದ ಒಳ್ಳೆಯದು ಯಾಕೋಬನ ಮನೆಗೆ ಬಂತು ಸರಿ, ಐಗುಪ್ತದ ರೈತನಿಗೆ ಏನು ಬಂತು? ಮುಂದೆ ವಿಮೋಚನಕಾಂಡದಲ್ಲಿ ಯೋಸೇಫನ ಕುಲದವರೇ ಅದೇ ಫರೋಹನ ಪೀಠಕ್ಕೆ ಗುಲಾಮರಾಗಿ ಇಟ್ಟಿಗೆ ಹೊರಬೇಕಾಗುತ್ತದೆ. ಹಾಗಾಗಿ 'ಕೆಟ್ಟದ್ದರಿಂದ ಒಳ್ಳೇದಾಯ್ತು' ಅಂದವರನ್ನು ನಾವು ಎರಡು ಪ್ರಶ್ನೆ ಕೇಳಬೇಕು: ಯಾರಿಗೆ ಒಳ್ಳೇದಾಯ್ತು? ಎಲ್ಲಿಯವರೆಗೆ ಆಯ್ತು?

ಈ ವಾದಕ್ಕೆ ತತ್ವಶಾಸ್ತ್ರದ ರೂಪ ಕೊಟ್ಟವನು ಸಂತ ಅಗಸ್ಟೀನ್, ಐದನೆಯ ಶತಮಾನದ ಉತ್ತರ ಆಫ್ರಿಕದ ಬಿಷಪ್. ಕೇಡು ಇಲ್ಲದಂತೆ ಮಾಡುವುದಕ್ಕಿಂತ ಕೇಡಿನಿಂದ ಒಳಿತನ್ನು ಹೊರಡಿಸುವುದೇ ದೇವರಿಗೆ ಮೇಲಾಗಿ ಕಂಡಿತು ಅನ್ನುವುದು ಅವನ ವಾದ. ಸರ್ವಶಕ್ತನಾದ ದೇವರ ಲೋಕದಲ್ಲಿ ಇಷ್ಟೊಂದು ಕೇಡು ಯಾಕೆ ಅನ್ನುವ ಪ್ರಶ್ನೆ ಅವನನ್ನೂ ಕಾಡಿತ್ತು. ಅವನ ಸಂಕಟವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಈ ಮಾತು ಕೇರಿಗೆ ಇಳಿದು ಬಂದಾಗ ನಮಗೆ ಪರಿಚಯದ ಇನ್ನೊಂದು ಮಾತಿನ ವಾಸನೆ ಬರುತ್ತದೆ. ಕರ್ಮಸಿದ್ಧಾಂತ ಏನು ಹೇಳಿತು? ನಿನ್ನ ಇವತ್ತಿನ ನೋವಿಗೆ ಹಿಂದಿನ ಜನ್ಮದಲ್ಲಿ ಲೆಕ್ಕ ಇದೆ ಅಂದಿತು. ಇದು ಏನು ಹೇಳುತ್ತದೆ? ನಿನ್ನ ಇವತ್ತಿನ ನೋವಿಗೆ ಮುಂದೆ ಲೆಕ್ಕ ಚುಕ್ತಾ ಆಗುತ್ತದೆ ಅನ್ನುತ್ತದೆ. ಒಂದು ಹಿಂದಕ್ಕೆ ಕೈ ತೋರಿಸುತ್ತದೆ, ಇನ್ನೊಂದು ಮುಂದಕ್ಕೆ. ಇವತ್ತು ದೊಣ್ಣೆ ಹಿಡಿದು ನಿಂತವನ ಕಡೆ ಮಾತ್ರ ಎರಡೂ ಕೈ ತೋರಿಸುವುದಿಲ್ಲ.

ಹಾಗಾದರೆ ಯೇಸು ಹೇಳಿದ್ದೂ ಇಷ್ಟೇನಾ? ಅಲ್ಲ. ಇಲ್ಲಿ ನಾವು ನ್ಯಾಯವಾಗಿ ಮಾತಾಡಬೇಕು. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ ಅಂತ ಪೇತ್ರ ಕೇಳಿದಾಗ ಯೇಸು ಎಪ್ಪತ್ತೇಳರ ಲೆಕ್ಕ ಹೇಳಿದ್ದು ಎಲ್ಲರಿಗೂ ಗೊತ್ತು. ಅದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯ. ಅದೇ ಅಧ್ಯಾಯದಲ್ಲಿ ಅದಕ್ಕಿಂತ ಸ್ವಲ್ಪ ಮೊದಲು ಏನಿದೆ? ನಿನಗೆ ತಪ್ಪು ಮಾಡಿದವನ ಹತ್ತಿರ ಹೋಗಿ ತಪ್ಪನ್ನು ತೋರಿಸು. ಕೇಳದಿದ್ದರೆ ಇಬ್ಬರು ಮೂವರು ಸಾಕ್ಷಿಗಳನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಯ ಮುಂದೆ ಇಡು ಅನ್ನುವ ಕ್ರಮ ಇದೆ. ಅಂದರೆ ಮೊದಲು ದೂರು, ಆಮೇಲೆ ಸಾಕ್ಷಿ, ಆಮೇಲೆ ಪಂಚಾಯ್ತಿ. ಲೂಕನ ಸುವಾರ್ತೆಯಲ್ಲಂತೂ ಗದರಿಸು, ಅವನು ಪಶ್ಚಾತ್ತಾಪಪಟ್ಟರೆ ಕ್ಷಮಿಸು ಅನ್ನುವ ಕ್ರಮ ಸ್ಪಷ್ಟವಾಗಿದೆ.

ಆ ಅಧ್ಯಾಯ ಮುಗಿಯುವುದು ಒಂದು ಸಾಮತಿಯಿಂದ. ರಾಜನಿಗೆ 10,000 ತಲಾಂತು ಸಾಲ ಕೊಡಬೇಕಾದ ಆಳೊಬ್ಬ ಕಾಲಿಗೆ ಬೀಳುತ್ತಾನೆ. ರಾಜ ಸಾಲ ಮನ್ನಾ ಮಾಡುತ್ತಾನೆ. ಅದೇ ಆಳು ಹೊರಗೆ ಬಂದು, ತನಗೆ 100 ದಿನಾರಿ ಕೊಡಬೇಕಾದ ಬಡವನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸುತ್ತಾನೆ. ರಾಜನಿಗೆ ಸಿಟ್ಟು ಬಂದು ಮನ್ನಾ ಮಾಡಿದ್ದನ್ನು ವಾಪಸ್ ತೆಗೆದುಕೊಳ್ಳುತ್ತಾನೆ. ಈ ಕತೆಯಲ್ಲಿ ಕ್ಷಮೆ ಅಂದರೆ ಸಾಲಮನ್ನಾ. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಮತ್ತಾಯನ ಗ್ರೀಕ್ ಮೂಲದಲ್ಲಿ ಇರುವ ಮಾತು ಸಾಲಕ್ಕೆ ಸಂಬಂಧಪಟ್ಟದ್ದು. ಅದನ್ನು 'ತಪ್ಪು' ಅಂತ ಮಾಡಿಕೊಂಡ ಮೇಲೆ ಎಲ್ಲರಿಗೂ ಅನುಕೂಲವಾಯಿತು. ನಮ್ಮ ಯಜಮಾನರು "ಕ್ಷಮಿಸಿಬುಡು" ಅಂತ ಬಂದರಲ್ಲ, ಅವರ ಮನೆಯ ಬಡ್ಡಿ ಪುಸ್ತಕದಲ್ಲಿ ಆ ತಾಯಿಯ ಹೆಬ್ಬೆಟ್ಟು ಇನ್ನೂ ಹಾಗೇ ಇದೆ. ಜೀತ ಪದ್ಧತಿ ರದ್ದಿನ ಕಾನೂನು ಬಂದದ್ದು 1976ರಲ್ಲಿ. ಅದಕ್ಕೆ ಮೊದಲು ಆಕೆಯ ಮಾವ ಅದೇ ಮನೆಯಲ್ಲಿ ಜೀತಕ್ಕಿದ್ದವನು. ಒಂದು ಸಾಲವನ್ನೂ ಕ್ಷಮಿಸದ ಮನೆ ಒಂದು ಕಿವಿಯನ್ನು ಕ್ಷಮಿಸು ಅನ್ನುತ್ತಿದೆ.

ಜಕ್ಕಾಯನ ಕತೆಯೂ ಇದೆ. ತೆರಿಗೆ ವಸೂಲಿ ಮಾಡಿ ಉಬ್ಬಿದ ಮನುಷ್ಯ. ಯೇಸು ಅವನ ಮನೆಗೆ ಹೋದಾಗ ಅವನು ಎದ್ದು ನಿಂತು ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಅಂದ. ಈ ಮನೆಗೆ ರಕ್ಷಣೆ ಬಂತು ಅಂತ ಯೇಸು ಹೇಳಿದ್ದು ಆ ಮಾತು ಕೇಳಿದ ಮೇಲೆ. ಶಿಲುಬೆಯ ಮೇಲೆ ಮಾತ್ರ ಅವನು ತನ್ನನ್ನು ಕೊಲ್ಲುತ್ತಿದ್ದವರಿಗಾಗಿ, ಅವರು ಕೇಳದಿದ್ದರೂ, ತಂದೆಯಲ್ಲಿ ಬೇಡಿಕೊಂಡ. ಆದರೆ ಬೇಡಿಕೊಂಡವನು ಮೊಳೆ ಹೊಡೆಸಿಕೊಂಡವನೇ. ಕೆಳಗೆ ನಿಂತಿದ್ದ ಪಿಲಾತನ ಸಿಪಾಯಿ ಬಂದು ಮರಿಯಳಿಗೆ "ನಿನ್ನ ಮಗನೇ ಕ್ಷಮಿಸಿದ್ದಾನೆ, ನೀನು ಸುಮ್ಮನಿರು" ಅಂತ ಉಪದೇಶ ಮಾಡಲಿಲ್ಲ.

ನಮ್ಮ ಕಾಲದ ಒಂದು ಘಟನೆಯನ್ನು ನೋಡೋಣ. ಗ್ರಹಾಂ ಸ್ಟೇನ್ಸ್ ಆಸ್ಟ್ರೇಲಿಯದಿಂದ ಬಂದು 1965ರಿಂದ ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿಕೊಂಡಿದ್ದವರು. 1999ರ ಜನವರಿ 22ರ ರಾತ್ರಿ ಅವರು ಕೆಂದುಝರ್ ಜಿಲ್ಲೆಯ ಮನೋಹರಪುರದಲ್ಲಿ ತಮ್ಮ ವಾಹನದೊಳಗೆ ಮಲಗಿದ್ದರು. ಜೊತೆಗೆ 10 ವರ್ಷದ ಫಿಲಿಪ್, 6 ವರ್ಷದ ತಿಮೊಥಿ. ಗುಂಪೊಂದು ಬಂದು ವಾಹನಕ್ಕೆ ಬೆಂಕಿ ಹಚ್ಚಿ ಮೂವರನ್ನೂ ಸುಟ್ಟು ಕೊಂದಿತು. ಹೆಂಡತಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಮಗಳನ್ನು ಕಟ್ಟಿಕೊಂಡು ಆ ಕುಷ್ಠರೋಗಿಗಳ ಜೊತೆಯಲ್ಲೇ ಕೆಲವು ವರ್ಷ ಉಳಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈ ಹೆಣ್ಣುಮಗಳ ಮುಂದೆ ನಾವು ತಲೆ ಬಾಗುತ್ತೇವೆ. ಆದರೆ ಆಕೆ ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ನಮ್ಮ ದೇಶ ಕೇಳಿಸಿಕೊಂಡಿತು. ನನ್ನ ಕ್ಷಮೆ ಬೇರೆ, ಕಾನೂನಿನ ಕೆಲಸ ಬೇರೆ, ಎರಡನ್ನೂ ಕಲಸಬೇಡಿ ಅನ್ನುವುದು ಆಕೆಯ ನಿಲುವಾಗಿತ್ತು. ಕೇಸು ನಿಲ್ಲಲಿಲ್ಲ. ಕೆಳಗಿನ ಕೋರ್ಟು 2003ರಲ್ಲಿ ಮುಖ್ಯ ಅಪರಾಧಿಗೆ ಮರಣದಂಡನೆ ಕೊಟ್ಟಿತು, ಹೈಕೋರ್ಟು 2005ರಲ್ಲಿ ಅದನ್ನು ಜೀವಾವಧಿಗೆ ಇಳಿಸಿತು, ಸುಪ್ರೀಂ ಕೋರ್ಟು 2011ರಲ್ಲಿ ಜೀವಾವಧಿಯನ್ನೇ ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ಮತಾಂತರದ ವಿಷಯಕ್ಕೆ ಪಾಠ ಕಲಿಸುವ ಉದ್ದೇಶ ಕೊಲೆಗಾರರಿಗೆ ಇತ್ತು ಅನ್ನುವಂಥ ಸಾಲುಗಳು ಬಂದವು. ಪ್ರತಿಭಟನೆಯ ಮೇಲೆ ಕೆಲವೇ ದಿನಗಳಲ್ಲಿ ಕೋರ್ಟು ಅವನ್ನು ತೆಗೆದುಹಾಕಿತು. ನೋಡಿ, ಕ್ಷಮಿಸಿದವಳು ಕೊಲೆಗೆ ಕಾರಣ ಹುಡುಕಿಕೊಡಲಿಲ್ಲ. ಕಾರಣ ಹುಡುಕಿಕೊಡುವುದಕ್ಕೆ ಬೇರೆಯವರು ಇದ್ದರು.

ಇನ್ನೂ ಒಂದು ಕಹಿ ಮಾತು ಹೇಳಬೇಕು. ಅದೇ ಒಡಿಶಾದ ಕಂಧಮಾಲ್ ಜಿಲ್ಲೆಯಲ್ಲಿ 2008ರ ಆಗಸ್ಟಿನಿಂದ ನಡೆದ ಹಿಂಸೆಯಲ್ಲಿ ಸಾವಿರಾರು ಮನೆಗಳು ಸುಟ್ಟುಹೋದವು. ಮನೆ ಕಳೆದುಕೊಂಡವರಲ್ಲಿ ಬಹಳ ಮಂದಿ ದಲಿತ ಕ್ರೈಸ್ತರು ಮತ್ತು ಆದಿವಾಸಿ ಕ್ರೈಸ್ತರು. ಅಲ್ಲಿಯ ವಿಧವೆಯರು ಕ್ಷಮಿಸಿದರೋ ಇಲ್ಲವೋ ಅಂತ ಕೇಳಲು ಎಷ್ಟು ಮಂದಿ ಹೋದರು? ಬಡವರ ಕ್ಷಮೆಯನ್ನು ಕೇಳದೆಯೇ ಬರೆದುಕೊಳ್ಳುವುದು ಈ ದೇಶದ ಹಳೆಯ ಅಭ್ಯಾಸ.

ನಮ್ಮ ನೆಲದ ಕಂಬಾಲಪಲ್ಲಿಯನ್ನು ಮರೆಯಲು ಸಾಧ್ಯವೇ? 2000ದ ಮಾರ್ಚಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿ ಹೇಳಿದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಇದೆ, ಕೊಂದವನು ಇಲ್ಲ. ಇಲ್ಲಿ ಕ್ಷಮಿಸುವುದಾದರೂ ಯಾರನ್ನು? ಬೆಂಕಿಯನ್ನೇ? ಕ್ಷಮೆಗೆ ಮೊದಲು ಒಂದು ಹೆಸರು ಬೇಕು. ನಾನು ಮಾಡಿದೆ ಅನ್ನುವ ಒಂದು ಬಾಯಿ ಬೇಕು.

ದಕ್ಷಿಣ ಆಫ್ರಿಕದ ಕಪ್ಪು ಜನ ಇದನ್ನು ಅರಿತಿದ್ದರು. 1985ರಲ್ಲಿ ಅಲ್ಲಿ ಕಪ್ಪು ಬಸ್ತಿಗಳು ಹೊತ್ತಿ ಉರಿಯುತ್ತಿದ್ದವು, ಸರ್ಕಾರ ತುರ್ತುಪರಿಸ್ಥಿತಿ ಹೇರಿತ್ತು. ಆಗ ಅಲ್ಲಿಯ ಕೆಲವು ಪಾದ್ರಿಗಳು, ಧರ್ಮಶಾಸ್ತ್ರಜ್ಞರು ಸೇರಿ 'ಕೈರೋಸ್' ಅನ್ನುವ ಹೇಳಿಕೆ ಹೊರಡಿಸಿದರು. ನ್ಯಾಯ ಇಲ್ಲದೆ, ಪಶ್ಚಾತ್ತಾಪ ಇಲ್ಲದೆ ಸಮಾಧಾನ ಮಾಡಿಕೊಳ್ಳಿ ಅಂತ ಬೋಧಿಸುವುದು ಕ್ರೈಸ್ತ ಧರ್ಮವೇ ಅಲ್ಲ ಅನ್ನುವುದು ಅದರ ತಿರುಳು. ಮುಂದೆ ವರ್ಣಭೇದದ ಆಡಳಿತ ಬಿದ್ದ ಮೇಲೆ, 1995ರ ಕಾನೂನಿನ ಪ್ರಕಾರ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ ಆಯಿತು. ಮಾಡಿದ್ದನ್ನೆಲ್ಲ ಪೂರ್ತಿ ಒಪ್ಪಿಕೊಂಡವರಿಗೆ, ಅದು ರಾಜಕೀಯ ಕಾರಣದ ಅಪರಾಧವಾಗಿದ್ದರೆ, ಶಿಕ್ಷೆಯಿಂದ ಮಾಫಿ. 7,000ಕ್ಕೂ ಹೆಚ್ಚು ಅರ್ಜಿ ಬಂದವು, ಹೆಚ್ಚಿನವು ತಿರಸ್ಕಾರವಾದವು. 1977ರಲ್ಲಿ ಪೊಲೀಸರ ಕೈಯಲ್ಲಿ ಸತ್ತ ಸ್ಟೀವ್ ಬಿಕೊ ಅವರ ಕುಟುಂಬ ಈ ಮಾಫಿಯೇ ಬೇಡ, ನಮಗೆ ನ್ಯಾಯ ಬೇಕು ಅಂತ ಕೋರ್ಟಿಗೆ ಹೋಗಿ 1996ರಲ್ಲಿ ಸೋತಿತು. ಆದರೆ ಆ ಪೊಲೀಸರ ಮಾಫಿ ಅರ್ಜಿಯನ್ನು 1999ರಲ್ಲಿ ಆಯೋಗವೇ ತಿರಸ್ಕರಿಸಿತು.

ಅಲ್ಲಿ ಸತ್ಯ ಎಷ್ಟೋ ಹೊರಗೆ ಬಂತು. ಕಳೆದುಹೋದ ಮಕ್ಕಳ ಮೂಳೆ ಎಲ್ಲಿವೆ ಅಂತ ಕೆಲವು ತಾಯಂದಿರಿಗೆ ಗೊತ್ತಾಯಿತು. ಅದು ಸಣ್ಣ ಮಾತಲ್ಲ. ಆದರೆ ಪರಿಹಾರ? 2003ರಲ್ಲಿ ಗುರುತಿಸಿದ ಪ್ರತಿಯೊಬ್ಬ ಸಂತ್ರಸ್ತರಿಗೂ ಒಂದೇ ಸಲ 30,000 ರ‍್ಯಾಂಡ್, ಆಯೋಗ ಕೇಳಿದ್ದಕ್ಕಿಂತ ಬಹಳ ಕಮ್ಮಿ. ಜಮೀನಿನ ಬಹುಪಾಲು ಬಿಳಿಯರ ಕೈಯಲ್ಲೇ ಉಳಿಯಿತು. ಸತ್ಯ ಬಂತು, ಜಕ್ಕಾಯ ಬರಲಿಲ್ಲ.

ಇನ್ನು ನಮ್ಮ ಚರ್ಚುಗಳ ಮಾತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರರ ದೇವಶಾಸ್ತ್ರ ಬೇಕು ಅಂತ ಮಾತಾಡಿದರು. ದಲಿತ ದೇವಶಾಸ್ತ್ರ ಅಂತ ಮುಂದೆ ಬೆಳೆದದ್ದರ ಬೇರು ಅಲ್ಲಿದೆ. ದೇವರು ನೋವುಂಡವರ ಕಡೆಯವನು, ನೋವು ಹಂಚುವವನಲ್ಲ ಅನ್ನುವುದು ಅದರ ದಾರಿ. ಆದರೆ ದಲಿತರ ಹೆಣಕ್ಕೂ ಉಳಿದವರ ಹೆಣಕ್ಕೂ ನಡುವೆ ಗೋಡೆ ಎದ್ದ ಕ್ರೈಸ್ತ ಸ್ಮಶಾನಗಳು ತಮಿಳುನಾಡಿನಲ್ಲಿವೆ. ಕ್ಷಮೆಯ ಪ್ರವಚನ ಮಾಡುವ ಮೊದಲು ಕ್ಷಮೆ ಕೇಳಬೇಕಾದವರ ಸಾಲಿನಲ್ಲಿ ಚರ್ಚೂ ನಿಲ್ಲಬೇಕು.

ಈ ತಾಯಿಯ ಕೇಸಿನಲ್ಲಿ ಇನ್ನೊಂದು ಬಲೆ ಇದೆ. ಪರಿಶಿಷ್ಟ ಜಾತಿ ಯಾರು ಅಂತ ಹೇಳುವ 1950ರ ರಾಷ್ಟ್ರಪತಿ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಇವತ್ತಿಗೂ ಹೊರಗೆ. ಹೊರಗೆ ಇದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ಇಲ್ಲ. ಈಕೆ ಕಾಗದದಲ್ಲಿ ಪರಿಶಿಷ್ಟ ಜಾತಿ, ಭಾನುವಾರ ಪ್ರಾರ್ಥನೆ ಮನೆ. ಹಾಗಾಗಿ ಯಜಮಾನರ ಕಡೆಯವರ ಕೈಯಲ್ಲಿ ಎರಡು ಅಸ್ತ್ರ. 'ನೀನು ಕ್ರೈಸ್ತಳು, ಆದ್ದರಿಂದ ಕ್ಷಮಿಸು' ಅನ್ನುವುದು ಒಂದು. ಕ್ಷಮಿಸದಿದ್ದರೆ 'ನೀನು ಕ್ರೈಸ್ತಳು, ಆದ್ದರಿಂದ ನಿನಗೆ ಈ ಕಾನೂನು ಇಲ್ಲ' ಅನ್ನುವುದು ಇನ್ನೊಂದು. ಹೊಡೆಯುವಾಗ ಮಾತ್ರ ಹುಡುಗನ ಧರ್ಮವನ್ನು ಯಾರೂ ಕೇಳಲಿಲ್ಲ. ಕೇರಿಯವನು ಅನ್ನುವುದೊಂದೇ ಸಾಕಾಗಿತ್ತು.

ಇಷ್ಟು ಹೇಳಿದ ಮೇಲೆ ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೆ. ಹಾಗಾದರೆ ದ್ವೇಷವೇ ನಮ್ಮ ದಾರಿಯೇ? ಅಲ್ಲ. ಹೊಡೆತ ತಿಂದ ಹುಡುಗ ಎಷ್ಟೋ ದಿನ ಊಟ ಬಿಟ್ಟು ಕೂತಿದ್ದನ್ನು, ಕನಸಿನಲ್ಲಿ ಬೈದಾಡಿದ್ದನ್ನು ನಾವು ಕಂಡಿದ್ದೇವೆ. ದ್ವೇಷ ಹೊಡೆದವನ ಮನೆಗೆ ಹೋಗಿ ಊಟ ಕೆಡಿಸುವುದಿಲ್ಲ, ನಮ್ಮ ಮನೆಯಲ್ಲೇ ಕೂತು ನಮ್ಮ ಅನ್ನ ತಿನ್ನುತ್ತದೆ. ಅದನ್ನು ಎದೆಯಿಂದ ಇಳಿಸಿಕೊಳ್ಳುವುದಕ್ಕೆ ಕ್ಷಮೆ ಅಂತ ಹೆಸರಿಟ್ಟರೆ ಆ ಕ್ಷಮೆ ನಮಗೂ ಬೇಕು. ಆದರೆ ದ್ವೇಷ ಬಿಡುವುದು ಬೇರೆ, ಹಕ್ಕು ಬಿಡುವುದು ಬೇರೆ. ದ್ವೇಷವನ್ನು ಬಿಡುವವನು ನಾನು, ನನ್ನ ಎದೆಯಲ್ಲಿ, ನನ್ನ ಕಾಲಕ್ಕೆ. ಹಕ್ಕನ್ನು ಬಿಡು ಅಂತ ಹೇಳುವವನು ಯಾವಾಗಲೂ ಇನ್ನೊಬ್ಬ, ಅವನ ಅವಸರಕ್ಕೆ. ನಲ್ಲಿಯ ನೀರು ಆ ತಾಯಿಯೊಬ್ಬಳದ್ದಲ್ಲ, ಇಡೀ ಕೇರಿಯದ್ದು, ಮುಂದೆ ಹುಟ್ಟುವ ಮಕ್ಕಳದ್ದು. ತನ್ನ ನೋವನ್ನು ಆಕೆ ಕ್ಷಮಿಸಬಹುದು. ಅವರ ನೀರನ್ನು ಕ್ಷಮೆಯ ಹೆಸರಲ್ಲಿ ಬಿಟ್ಟುಕೊಡುವ ಹಕ್ಕು ಆಕೆಗೂ ಇಲ್ಲ, ಸಭಾಪಾಲಕರಿಗೂ ಇಲ್ಲ, ನಮಗೂ ಇಲ್ಲ.

ಆ ಹೊಡೆತದ ಮೇಲೆ ಕೇರಿಯ ಹುಡುಗರು ಒಂದಾದರು. ಪ್ರಾರ್ಥನೆ ಮನೆಗೆ ಹೋಗುವವರು, ಮಾರಮ್ಮನ ಗುಡಿಗೆ ಹೋಗುವವರು, ಎಲ್ಲಿಗೂ ಹೋಗದವರು ಎಲ್ಲ ಸೇರಿ ಸಂಘ ಕಟ್ಟಿದರು. ರಾತ್ರಿ ಶಾಲೆ ನಡೆಯುತ್ತಿದೆ. ಈಗ ಊರ ನಲ್ಲಿಯಲ್ಲಿ ಕೇರಿಯ ಹೆಣ್ಣುಮಕ್ಕಳು ನೀರು ಹಿಡಿಯುತ್ತಾರೆ. ಕೇಸು ಇನ್ನೂ ನಡೆಯುತ್ತಿದೆ. ಸಭಾಪಾಲಕರು ಮೊನ್ನೆ ಬಂದಾಗ ಇದನ್ನೆಲ್ಲ ನೋಡಿ ಸಂತೋಷದಿಂದ ಅಂದರು: "ನೋಡಮ್ಮ, ನಾನು ಹೇಳ್ಲಿಲ್ವ? ದೇವರು ಕೆಟ್ಟದ್ರಿಂದ ಒಳ್ಳೇದು ತಂದ."

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅಯ್ನೋರೆ, ಒಳ್ಳೇದು ಮಾಡ್ದೋರು ಈ ಮಕ್ಕಳು. ಅವರ ಒಳ್ಗೆ ದೇವ್ರು ಇದ್ದ ಅನ್ನಿ, ಒಪ್ತೀನಿ. ಆ ದೊಣ್ಣೆ ಒಳ್ಗೂ ಇದ್ದ ಅನ್ಬ್ಯಾಡಿ. ನನ್ನ ಮಗನ ಕಿವಿ ಹೋಗ್ದೇನೂ ಈ ನಲ್ಲಿ ನಮ್ದೇ ಆಗ್ಬೇಕಿತ್ತು."

ಸಭಾಪಾಲಕರು ತಲೆ ತಗ್ಗಿಸಿ ಕೂತರು. ಆಮೇಲೆ ಮುಂದಿನ ವಾಯಿದೆ ಯಾವತ್ತು ಅಂತ ಕೇಳಿದರು. ಕೋರ್ಟಿಗೆ ತಾವೂ ಬರುತ್ತೇನೆ ಅಂದರು.